ಸರ್ವಿಸ್ ಸ್ಟಾರ್ಟ್ ಆಗುತ್ತಿಲ್ಲವೇ? ಮಾಡಬೇಕಾದ್ದು, ಮಾಡಬಾರದ್ದು

ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಊರ್ಗಾಂ, ಬಂಗಾರಪೇಟೆಗಳಲ್ಲಿ ಮನೆಯಲ್ಲೋ ಅಂಗಡಿಯಲ್ಲೋ ಸಣ್ಣ ಸರ್ವರ್ ಇಟ್ಟುಕೊಂಡವರ ಗಮನಕ್ಕೆ

ಮೊದಲು ಕೀಬೋರ್ಡ್‌ನಿಂದ ಕೈ ತೆಗೆಯಿರಿ.

ಸರ್ವಿಸ್ ನಿಂತ ಮಾತ್ರಕ್ಕೆ ಒಳಗಿದ್ದದ್ದು ಹೋಯಿತು ಎಂದಲ್ಲ. ಫೋಟೋ, ಅಂಗಡಿ ಲೆಕ್ಕ, ಸ್ಕ್ಯಾನ್ ಮಾಡಿಟ್ಟ ಕಾಗದ ಹೆಚ್ಚಿನ ಸಲ ಡಿಸ್ಕ್‌ನಲ್ಲೇ ಭದ್ರವಾಗಿರುತ್ತವೆ. ಹಾಳಾಗುವುದು ಆಮೇಲಿನ ಅರ್ಧ ಗಂಟೆಯಲ್ಲಿ, ಗಾಬರಿಯಲ್ಲಿ ಕೊಟ್ಟ ಕಮಾಂಡಿನಿಂದ. ಅಪ್ಪನ ಗಣಿ ಕಾಲದ ಕಾಗದಪತ್ರ ಸ್ಕ್ಯಾನ್ ಆಗಿ, ಮೂಲ ಪ್ರತಿಗೆ ಗೆದ್ದಲು ಹಿಡಿದಿದ್ದರೆ ಡಿಸ್ಕ್‌ನಲ್ಲಿರುವುದೇ ಕೊನೆಯ ಪ್ರತಿ. ಇಲ್ಲಿನ ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ. ಆ ಕಾಗದವನ್ನು ಇನ್ನೊಮ್ಮೆ ಮಾಡಿಸುವುದು ಸುಲಭವಲ್ಲ.

ಸರ್ವರ್ ಜೋಡಿಸಿಕೊಟ್ಟವರು ಬೆಳಗಿನ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರು ಸೇರಿರುತ್ತಾರೆ. ಮನೆಯಲ್ಲಿ ಉಳಿದವರು ಈ ಹಾಳೆ ಓದಿಕೊಂಡೇ ಕೆಲಸ ಮಾಡಬೇಕು. ಆದ್ದರಿಂದ ಒಂದು ಸಾಲಿಗೆ ಒಂದೇ ಕೆಲಸ. ಬರೆದ ಕ್ರಮದಲ್ಲೇ ಮಾಡಿ. ಇದು ಲಿನಕ್ಸ್ ಸರ್ವರ್‌ಗೆ ಮಾತ್ರ: ರಾಸ್ಪ್‌ಬೆರಿ ಪೈ, ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್, ಮೂಲೆ ಸೇರಿದ ಲ್ಯಾಪ್‌ಟಾಪ್, ಯಾವುದಾದರೂ ಸರಿ. ಕಮಾಂಡ್‌ಗಳನ್ನು ಉಚ್ಚಾರದಂತೆ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ.

ಮಾಡಬೇಕಾದ್ದು

*ಮುಟ್ಟುವ ಮೊದಲು*

- ಸುಟ್ಟ ವಾಸನೆ, ಹೊಗೆ, ಉಬ್ಬಿದ ಬ್ಯಾಟರಿ ಇದೆಯೇ ನೋಡಿ.
- ಇದ್ದರೆ ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ದೂರ ನಿಲ್ಲಿ. ಮುಂದಿನ ಯಾವ ಸಾಲೂ ನಿಮಗಲ್ಲ.
- ಡಿಸ್ಕ್‌ಗೆ ಕಿವಿ ಕೊಡಿ. ಟಕ್ ಟಕ್ ಎಂದು ಒಂದೇ ಸಮ ಬಡಿದುಕೊಳ್ಳುತ್ತಿದ್ದರೆ ಸರ್ವರ್ ಆಫ್ ಮಾಡಿ. ಆ ಡಿಸ್ಕ್ ತಿರುಗಿದಷ್ಟೂ ಒಳಗಿನದು ಅಳಿಯುತ್ತದೆ.
- ಕೊನೆಯದಾಗಿ ಏನು ಬದಲಾಯಿತು ಎಂದು ಮನೆಯವರನ್ನೆಲ್ಲ ಕೇಳಿ: ಅಪ್‌ಡೇಟ್, ಹೊಸ ಚಾರ್ಜರ್, ಗುಡಿಸುವಾಗ ಕದಲಿದ ವೈರ್.
- ಉತ್ತರವನ್ನು ಕಾಗದದಲ್ಲಿ ಬರೆದುಕೊಳ್ಳಿ.

*ಕರೆಂಟ್ ಹೋಗಿ ಬಂದಿದ್ದರೆ*

- ರೂಟರ್ ಮತ್ತು ಫೈಬರ್ ಡಬ್ಬಿಯ ದೀಪಗಳು ಎಂದಿನ ಸ್ಥಿತಿಗೆ ಬರುವವರೆಗೆ ಕಾಯಿರಿ.
- ಆಮೇಲೆ ಸರ್ವಿಸನ್ನು ಒಂದೇ ಒಂದು ಸಲ ಸ್ಟಾರ್ಟ್ ಮಾಡಿ.

ಕರೆಂಟ್ ಬಂದಾಗ ಎಷ್ಟೋ ಸಲ ಸರ್ವರ್ ಮೊದಲು ಏಳುತ್ತದೆ, ರೂಟರ್ ಆಮೇಲೆ. ಐಪಿ ವಿಳಾಸ ಸಿಗುವ ಮುಂಚೆಯೇ ಸರ್ವಿಸ್ ಅದನ್ನು ಹಿಡಿಯಲು ಹೋಗಿ, ‘ಕೆನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್’ ಎಂದು ಲಾಗ್‌ನಲ್ಲಿ ಬರೆದು ಮಲಗುತ್ತದೆ. ಇದು ಕೆಟ್ಟಿದ್ದಲ್ಲ. ಕಾದರೆ ಸಾಕು. ಇದೇ ಪದೇ ಪದೇ ಆಗುತ್ತಿದ್ದರೆ ಸರ್ವರ್‌ಗೆ ರೂಟರ್‌ನಲ್ಲೇ ಖಾಯಂ ಐಪಿ ಕಾದಿರಿಸಿ, ಸರ್ವಿಸ್ ಫೈಲ್‌ನಲ್ಲಿ ‘ನೆಟ್‌ವರ್ಕ್-ಆನ್‌ಲೈನ್’ ಟಾರ್ಗೆಟ್ ಆದ ಮೇಲೆ ಏಳುವಂತೆ ಬರೆಯಿರಿ.

- ಪೈ ಆಗಿದ್ದರೆ ‘ವಿಸಿಜೆನ್‌ಕಮಾಂಡ್ ಗೆಟ್_ಥ್ರಾಟಲ್ಡ್’ ಕೊಡಿ. (‘ಕಮಾಂಡ್’ ಜಾಗದಲ್ಲಿ ಸಿ, ಎಂ, ಡಿ ಮೂರೇ ಅಕ್ಷರ.)
- ಉತ್ತರ 0ಎಕ್ಸ್0 ಬಂದರೆ ಮುಂದಿನ ಸಾಲಿಗೆ ಹೋಗಿ. 0ಎಕ್ಸ್50005 ಬಂದರೆ ಚಾರ್ಜರ್ ಬದಲಿಸಿ: ವೋಲ್ಟೇಜ್ ಈ ಕ್ಷಣವೂ ಸಾಲುತ್ತಿಲ್ಲ, ಹಿಂದೆಯೂ ಸಾಲಲಿಲ್ಲ ಎಂದರ್ಥ.
- ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್ ಕೊಡಿ. ಪೈ 5ಕ್ಕೆ 5.1 ವೋಲ್ಟ್, 5 ಆಂಪಿಯರ್.
- ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಬೇರೆ ಪವರ್ ಇರುವ ಯುಎಸ್‌ಬಿ ಹಬ್ ಹಾಕಿ.
- ಸರ್ವರ್ ಮತ್ತು ರೂಟರ್ ಎರಡನ್ನೂ ಯುಪಿಎಸ್‌ಗೆ ಸೇರಿಸಿ. ಶಿವನಸಮುದ್ರದ ಕರೆಂಟ್ ಗಣಿಗೆ ಬಂದದ್ದು 1902ರಲ್ಲಿ, ಬೆಂಗಳೂರಿಗಿಂತ ಮೊದಲು. ಆ ಹೆಮ್ಮೆ ಇರಲಿ, ಯುಪಿಎಸ್ಸೂ ಇರಲಿ.

*ತಾರೀಖು, ಧೂಳು*

- ‘ಡೇಟ್’ ಎಂದು ಟೈಪ್ ಮಾಡಿ, ದಿನ ಮತ್ತು ಗಂಟೆ ಸರಿಯಿದೆಯೇ ನೋಡಿ. ತಾರೀಖು ಹಿಂದೆ ಬಿದ್ದರೆ ಸರ್ಟಿಫಿಕೇಟ್ ನಂಬಿಕೊಂಡ ಸರ್ವಿಸ್‌ಗಳು ಏಳುವುದಿಲ್ಲ.
- ಹಳೆ ಡೆಸ್ಕ್‌ಟಾಪ್ ಪ್ರತಿ ಸಲ ತಾರೀಖು ಮರೆತರೆ ಬೋರ್ಡ್ ಮೇಲಿನ ಸಿಆರ್2032 ಬ್ಯಾಟರಿ ಬದಲಿಸಿ.
- ಪೈ 4 ಮತ್ತು ಅದಕ್ಕಿಂತ ಹಳೆಯ ಪೈ ಆದರೆ ಇಂಟರ್‌ನೆಟ್ ಬರುವವರೆಗೆ ಕಾಯಿರಿ. ಅವುಗಳಲ್ಲಿ ಗಡಿಯಾರದ ಚಿಪ್ಪೇ ಇಲ್ಲ.
- ಗಣಿ ತ್ಯಾಜ್ಯದ ಸೈನೈಡ್ ದಿಬ್ಬದ ಧೂಳು ಗಾಳಿಗೆ ಬರುವ ಕಡೆ ಮನೆ ಇದ್ದರೆ ಸರ್ವರ್ ಆಫ್ ಮಾಡಿ, ಫ್ಯಾನ್ ಜಾಲರಿ ತೆಗೆದು ನೋಡಿ.
- ಮೂಗಿಗೆ ಮಾಸ್ಕ್ ಹಾಕಿ, ಒಣ ಬ್ರಷ್‌ನಿಂದ ಉಜ್ಜಿ.

*ಲಾಗ್ ಓದಿ*

ಗಣಿಯಲ್ಲಿ ಬ್ಲಾಸ್ಟಿಂಗ್ ಆದ ಮೇಲೆ ಹೊಗೆ ಇಳಿಯುವ ತನಕ ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಲಾಗ್ ಓದದೆ ರಿಪೇರಿಗೆ ಇಳಿಯುವವರು ಹೊಗೆಯಲ್ಲೇ ನುಗ್ಗುವವರು.

- ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್’, ಮುಂದೆ ಸರ್ವಿಸ್‌ನ ಹೆಸರು ಕೊಡಿ.
- ‘ಜರ್ನಲ್‌ಸಿಟಿಎಲ್ -ಬಿ -ಯು’, ಮುಂದೆ ಅದೇ ಹೆಸರು ಕೊಡಿ.
- ಡಾಕರ್ ಆಗಿದ್ದರೆ ‘ಡಾಕರ್ ಪಿಎಸ್ -ಎ’ ಕೊಟ್ಟು ಹೆಸರು ಹುಡುಕಿ, ‘ಡಾಕರ್ ಲಾಗ್ಸ್’ ಜೊತೆ ಆ ಹೆಸರು ಕೊಡಿ.
- ಪರದೆಯ ಫೋಟೋ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ.
- ಕೊನೆಯ ತಪ್ಪನ್ನಲ್ಲ, ಮೊದಲ ತಪ್ಪನ್ನು ಹುಡುಕಿ. ಕೊನೆಯ ಸಾಲುಗಳು ಬರೀ ಪರಿಣಾಮ.

‘ಸ್ಟಾರ್ಟ್ ರಿಕ್ವೆಸ್ಟ್ ರಿಪೀಟೆಡ್ ಟೂ ಕ್ವಿಕ್ಲಿ’ ಎಂಬ ಸಾಲು ಕಂಡರೆ ಅದನ್ನೇ ಕಾರಣ ಎಂದುಕೊಂಡು ಅದರ ಹಿಂದೆ ಬೀಳುವವರು ಬಹಳ. ಅದು ಕಾರಣವಲ್ಲ. 10 ಸೆಕೆಂಡಿನೊಳಗೆ 5 ಸಲ ಎದ್ದು ಬಿದ್ದ ಸರ್ವಿಸನ್ನು ಸಿಸ್ಟಮ್‌ಡಿ ತಾನಾಗಿ ತಡೆದು ನಿಲ್ಲಿಸಿದೆ, ಅಷ್ಟೆ. ಕಾರಣ ಅದಕ್ಕಿಂತ ಮೇಲಿನ ಸಾಲುಗಳಲ್ಲಿದೆ.

- ಮೇಲೆ ಸ್ಕ್ರೋಲ್ ಮಾಡಿ ಓದಿ.
- ಕಾರಣ ಸರಿಪಡಿಸಿದ ಮೇಲೆ ‘ಸಿಸ್ಟಮ್‌ಸಿಟಿಎಲ್ ರೀಸೆಟ್-ಫೇಲ್ಡ್’ ಕೊಟ್ಟು, ಆಮೇಲೆ ಸ್ಟಾರ್ಟ್ ಮಾಡಿ.
- 203 ಎಂಬ ನಂಬರ್ ಕಂಡರೆ ಪ್ರೋಗ್ರಾಂ ಫೈಲ್ ಹೇಳಿದ ಜಾಗದಲ್ಲಿದೆಯೇ, ಅದಕ್ಕೆ ಓಡುವ ಅನುಮತಿ ಇದೆಯೇ ನೋಡಿ.
- 200 ಕಂಡರೆ ಸರ್ವಿಸ್ ಕೆಲಸ ಮಾಡಬೇಕಾದ ಫೋಲ್ಡರ್ ಹುಡುಕಿ.
- 217 ಕಂಡರೆ ಸರ್ವಿಸ್‌ಗೆ ಕೊಟ್ಟ ಯೂಸರ್ ಹೆಸರು ಸರಿಯೇ ನೋಡಿ.
- ಡಾಕರ್‌ನಲ್ಲಿ 137 ಕಂಡರೆ ಮೊದಲು ಮೆಮೊರಿ ಸಾಲುತ್ತಿದೆಯೇ ಎಂದು ‘ಫ್ರೀ -ಎಚ್’ ಕೊಟ್ಟು ನೋಡಿ.

*ಡಿಸ್ಕ್ ನೋಡಿ*

- ‘ಡಿಎಫ್ -ಎಚ್’ ಕೊಡಿ. ಯಾವುದಾದರೂ ಸಾಲಿನಲ್ಲಿ 100% ಇದ್ದರೆ ಕಾರಣ ಸಿಕ್ಕಿತು.
- ಜಾಗ ಇದ್ದೂ ‘ನೋ ಸ್ಪೇಸ್ ಲೆಫ್ಟ್’ ಎಂದರೆ ‘ಡಿಎಫ್ -ಐ’ ಕೊಡಿ. ಸಣ್ಣ ಫೈಲ್‌ಗಳ ಸಂಖ್ಯೆಯೇ ಮಿತಿ ಮುಟ್ಟಿರುತ್ತದೆ.
- ಹಳೆ ಲಾಗ್ ಮಾತ್ರ ಖಾಲಿ ಮಾಡಿ: ‘ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್’, ಸಮ ಚಿಹ್ನೆ, 200, ಕೊನೆಗೆ ದೊಡ್ಡಕ್ಷರದ ಎಂ. ಕಮಾಂಡ್‌ಗಳಲ್ಲಿ ಈ ಒಂದು ಅಕ್ಷರ ಮಾತ್ರ ದೊಡ್ಡದು.
- ಡೌನ್‌ಲೋಡ್ ಆಗಿ ಉಳಿದ ಪ್ಯಾಕೇಜುಗಳನ್ನು ‘ಆಪ್ಟ್ ಕ್ಲೀನ್’ ಕೊಟ್ಟು ತೆಗೆಯಿರಿ.
- ‘ಎಲ್‌ಎಸ್‌ಬಿಎಲ್‌ಕೆ’ ಕೊಟ್ಟು ಎಕ್ಸ್‌ಟರ್ನಲ್ ಡಿಸ್ಕ್ ಪಟ್ಟಿಯಲ್ಲಿದೆಯೇ ನೋಡಿ.
- ಇದ್ದರೆ, ತನ್ನ ಫೋಲ್ಡರ್‌ಗೆ ಸೇರಿಕೊಂಡಿದೆಯೇ ಎಂದು ‘ಫೈಂಡ್‌ಮೌಂಟ್’ (ಕೊನೆಗೆ ಎಂ, ಎನ್, ಟಿ) ಕೊಟ್ಟು ನೋಡಿ.
- ಇಲ್ಲದಿದ್ದರೆ ಸರ್ವರನ್ನು ಸರಿಯಾಗಿ ಆಫ್ ಮಾಡಿ, ಕೇಬಲ್ ಬಿಗಿ ಮಾಡಿ, ಆನ್ ಮಾಡಿ.
- ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಡಿಸ್ಕನ್ನು ಯುಯುಐಡಿಯಿಂದ ಗುರುತಿಸಿ. ಇವತ್ತು ‘ಎಸ್‌ಡಿಎ’ ಆಗಿದ್ದದ್ದು ನಾಳೆ ‘ಎಸ್‌ಡಿಬಿ’ ಆಗಬಹುದು.

*ಕಾನ್ಫಿಗ್, ಪೋರ್ಟ್*

- ಫೈಲ್ ತಿದ್ದುವ ಮೊದಲು ಅದರ ಪ್ರತಿ ಮಾಡಿ, ಹೆಸರಿನ ಕೊನೆಗೆ ತಾರೀಖು ಸೇರಿಸಿ.
- ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ.
- ಎಂಜಿನ್‌ಎಕ್ಸ್ ಆಗಿದ್ದರೆ ‘ಎನ್‌ಜಿಐಎನ್‌ಎಕ್ಸ್ -ಟಿ’ ಕೊಡಿ. ತಪ್ಪು ಯಾವ ಸಾಲಿನಲ್ಲಿದೆ ಎಂದು ಅದೇ ಹೇಳುತ್ತದೆ.
- ಸರ್ವಿಸ್ ಫೈಲ್ ತಿದ್ದಿದರೆ ‘ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್’ ಕೊಡಿ. ಕೊಡದಿದ್ದರೆ ಹಳೆಯದೇ ಓಡುತ್ತದೆ.
- ‘ಅಡ್ರೆಸ್ ಆಲ್‌ರೆಡಿ ಇನ್ ಯೂಸ್’ ಎಂದರೆ ‘ಎಸ್‌ಎಸ್ -ಎಲ್‌ಟಿಎನ್‌ಪಿ’ ಕೊಟ್ಟು, ಪೋರ್ಟ್ ಹಿಡಿದು ಕೂತವರ ಹೆಸರು ನೋಡಿ.
- ಉಬುಂಟುವಿನಲ್ಲಿ ಪೈ-ಹೋಲ್ ಏಳದಿದ್ದರೆ 53ನೇ ಪೋರ್ಟ್ ನೋಡಿ. ಸಿಸ್ಟಮ್‌ಡಿ-ರಿಸಾಲ್ವ್‌ಡಿ ಅಲ್ಲೇ ಕೂತಿರುತ್ತದೆ.
- ಪೈ-ಹೋಲ್ ನಿಂತು ಮನೆಯ ಇಂಟರ್‌ನೆಟ್ಟೇ ಹೋದಂತೆ ಕಂಡರೆ ರೂಟರ್‌ನಲ್ಲಿ ಡಿಎನ್‌ಎಸ್ ಅನ್ನು ತಾತ್ಕಾಲಿಕವಾಗಿ 1.1.1.1 ಮಾಡಿ. ಮಕ್ಕಳ ಆನ್‌ಲೈನ್ ಪರೀಕ್ಷೆ, ಅಂಗಡಿಯ ಯುಪಿಐ ಮೊದಲು ನಡೆಯಲಿ. ರಿಪೇರಿ ಆಮೇಲೆ.

*ರಿಪೇರಿಗೆ ಮೊದಲು ಕಾಪಿ*

- ಸರ್ವಿಸನ್ನು ಪೂರ್ತಿ ನಿಲ್ಲಿಸಿ.
- ಡೇಟಾ ಫೋಲ್ಡರನ್ನು ಇನ್ನೊಂದು ಡಿಸ್ಕ್‌ಗೆ ಕಾಪಿ ಮಾಡಿ.
- ಕಾಪಿಯಲ್ಲಿ ಒಂದೆರಡು ಫೈಲ್ ತೆರೆದು ನೋಡಿ.
- ಕಾಪಿ ಆದ ಡಿಸ್ಕನ್ನು ಸರ್ವರ್‌ನಿಂದ ಕಿತ್ತು ಬೀರುವಿನಲ್ಲಿಡಿ.
- ಅಲ್ಲಿಂದ ಮುಂದೆ ಮಾತ್ರ ರಿಪೇರಿ ಶುರು ಮಾಡಿ.
- ಎಂ.ಜಿ. ಮಾರ್ಕೆಟ್ಟಿನ ಅಂಗಡಿಯಾದರೂ ಸರಿ, ಮನೆ ಮುಂದಿನ ಚಿಲ್ಲರೆ ಅಂಗಡಿಯಾದರೂ ಸರಿ, ಬಿಲ್ಲಿಂಗ್ ನಿಂತರೆ ಆ ದಿನದ ವ್ಯಾಪಾರವನ್ನು ಪುಸ್ತಕದಲ್ಲಿ ಬರೆಯಿರಿ. ಗಿರಾಕಿ ಮುಂದೆ ನಿಂತಿದ್ದಾರೆಂದು ಅವಸರದಲ್ಲಿ ಡೇಟಾಬೇಸ್‌ಗೆ ಕೈ ಹಾಕಿದರೆ ಒಂದು ದಿನದ ಬಿಲ್ಲಲ್ಲ, ಇಡೀ ವರ್ಷದ ಲೆಕ್ಕ ಹೋಗುತ್ತದೆ.

ಮಾಡಬಾರದ್ದು

*ಎಲ್ಲಕ್ಕಿಂತ ಮುಖ್ಯವಾದದ್ದು*

- ಖಾಲಿ ಫೋಲ್ಡರ್ ಮೇಲೆ ಸರ್ವಿಸನ್ನು ಬಲವಂತವಾಗಿ ಏಳಿಸಬೇಡಿ.

ಉಳಿದದ್ದು ಮರೆತರೂ ಇದು ನೆನಪಿರಲಿ. ಎಕ್ಸ್‌ಟರ್ನಲ್ ಡಿಸ್ಕ್ ಸೇರಿಕೊಳ್ಳದೆ ಹೋದರೂ ಅದಕ್ಕಾಗಿ ಮಾಡಿಟ್ಟ ಫೋಲ್ಡರ್ ಹಾಗೇ ಇರುತ್ತದೆ, ಒಳಗೆ ಏನೂ ಇಲ್ಲದೆ. ಬುದ್ಧಿ ಇರುವ ಸರ್ವಿಸ್‌ಗಳು ಇದನ್ನು ಪತ್ತೆ ಮಾಡಲು ಡಿಸ್ಕ್‌ನಲ್ಲಿ ಒಂದು ಗುರುತಿನ ಫೈಲ್ ಇಟ್ಟಿರುತ್ತವೆ. ಸಿಂಕ್‌ತಿಂಗ್‌ನದು ‘ಡಾಟ್ ಎಸ್‌ಟಿಫೋಲ್ಡರ್’. ನೆಕ್ಸ್ಟ್‌ಕ್ಲೌಡ್‌ನದು ‘ಡಾಟ್ ಎನ್‌ಸಿಡೇಟಾ’, ಹಳೆಯದರಲ್ಲಿ ‘ಡಾಟ್ ಒಸಿಡೇಟಾ’. ಇಮ್ಮಿಚ್‌ನದು ‘ಡಾಟ್ ಇಮ್ಮಿಚ್’. ಗುರುತು ಕಾಣದಿದ್ದರೆ ಅವು ಕೆಲಸ ಮಾಡಲು ಒಪ್ಪುವುದಿಲ್ಲ. ಅದು ಹಟವಲ್ಲ, ನಿಮ್ಮ ಫೋಟೋಗಳಿಗೆ ಕಾವಲು.

ಆಗ ಏನಾಗುತ್ತದೆ ಗೊತ್ತೇ? ಎರರ್ ಸಾಲನ್ನು ಮೊಬೈಲ್‌ನಲ್ಲಿ ಹುಡುಕುತ್ತಾರೆ. ಆ ಫೈಲನ್ನು ನೀವೇ ಸೃಷ್ಟಿಸಿ ಎಂಬ ಸಲಹೆ ಸಿಗುತ್ತದೆ. ಸೃಷ್ಟಿಸುತ್ತಾರೆ. ಸರ್ವಿಸ್ ಹಸಿರಾಗುತ್ತದೆ, ಮನೆಯವರಿಗೆಲ್ಲ ಸಮಾಧಾನ. ಸಿಂಕ್‌ತಿಂಗ್ ಮಾತ್ರ ಖಾಲಿ ಫೋಲ್ಡರನ್ನು ನೋಡಿ, ಇವರು ಎಲ್ಲವನ್ನೂ ಅಳಿಸಿದ್ದಾರೆ ಎಂದು ತಿಳಿದು, ಜೋಡಿಸಿದ ಪ್ರತಿ ಫೋನ್ ಮತ್ತು ಕಂಪ್ಯೂಟರಿನಿಂದಲೂ ಅವೇ ಫೈಲ್‌ಗಳನ್ನು ಅಳಿಸಲು ಶುರು ಮಾಡುತ್ತದೆ.

- ಗುರುತಿನ ಫೈಲನ್ನು ಕೈಯಾರೆ ಸೃಷ್ಟಿಸಬಾರದು. ಡಿಸ್ಕ್ ಸೇರಿದೆ, ಒಳಗೆ ಹಳೆಯ ಫೈಲ್‌ಗಳು ಕಾಣುತ್ತಿವೆ ಎಂದು ಕಣ್ಣಾರೆ ನೋಡಿದ ಮೇಲೆ ಮಾತ್ರ ಇದಕ್ಕೆ ವಿನಾಯಿತಿ.
- ಇಮ್ಮಿಚ್‌ನ ಮೌಂಟ್ ತಪಾಸಣೆ ಆಫ್ ಮಾಡುವುದು ಬೇಡ.
- ಎಫ್‌ಎಸ್‌ಟ್ಯಾಬ್‌ನಲ್ಲಿ ‘ನೋಫೇಲ್’ ಒಂದನ್ನೇ ಬರೆದು ಬಿಡಬೇಡಿ. ಅದರಿಂದ ಸರ್ವರ್ ಎಮರ್ಜೆನ್ಸಿ ಮೋಡ್‌ಗೆ ಬೀಳುವುದು ತಪ್ಪುತ್ತದೆ, ಆದರೆ ಡಿಸ್ಕ್ ಇಲ್ಲದೆಯೂ ಸರ್ವಿಸ್ ಎದ್ದುಬಿಡುತ್ತದೆ. ಜೊತೆಗೆ ಸರ್ವಿಸ್ ಫೈಲ್‌ನಲ್ಲಿ ‘ರಿಕ್ವೈರ್ಸ್‌ಮೌಂಟ್ಸ್‌ಫಾರ್’ ಸಾಲು (ಆರ್, ಎಂ, ಎಫ್ ದೊಡ್ಡಕ್ಷರ) ಇರಲೇಬೇಕು.
- ಡಿಸ್ಕ್ ಇಲ್ಲದೆ ಎದ್ದ ಸರ್ವಿಸ್‌ಗೆ ಹೊಸ ಫೋಟೋ ಹಾಕಬೇಡಿ. ಅವು ಎಸ್‌ಡಿ ಕಾರ್ಡಿನ ಮೇಲೆ ಬೀಳುತ್ತವೆ. ಡಿಸ್ಕ್ ಮತ್ತೆ ಸೇರಿದಾಗ ಅದರ ಅಡಿಯಲ್ಲಿ ಮುಚ್ಚಿಹೋಗಿ, ಕಣ್ಣಿಗೂ ಕಾಣದೆ ಜಾಗ ತಿನ್ನುತ್ತವೆ.

*ಸ್ಟಾರ್ಟ್, ಸ್ವಿಚ್*

- ಮತ್ತೆ ಮತ್ತೆ ಸ್ಟಾರ್ಟ್ ಬೇಡ.
- ಸರ್ವರ್ ಓಡುತ್ತಿರುವಾಗ ಪ್ಲಗ್ ಕೀಳಬೇಡಿ. ಬರೆಯುತ್ತಿರುವಾಗ ಕರೆಂಟ್ ಹೋದರೆ ಎಸ್‌ಡಿ ಕಾರ್ಡ್ ಅಲ್ಲಿಗೇ ಸಾಯಬಹುದು. ಬೆಂಕಿ, ಹೊಗೆ, ಸುಟ್ಟ ವಾಸನೆ, ಉಬ್ಬಿದ ಬ್ಯಾಟರಿ ಇದ್ದರೆ ಮಾತ್ರ ಕೀಳಿ.
- ‘ರೀಬೂಟ್ ಮಾಡಿದರೆ ಸರಿಹೋಗುತ್ತೆ’ ಎಂಬ ಮಾತು ಕೇಳಬೇಡಿ. ಕೆಲವು ಸಲ ಸರಿಹೋಗುತ್ತದೆ ನಿಜ. ಆದರೆ ಲಾಗ್ ಡಿಸ್ಕ್‌ನಲ್ಲಿ ಉಳಿಯದ ಸೆಟ್ಟಿಂಗ್ ಇದ್ದರೆ ಕಾರಣವೂ ಅದರೊಂದಿಗೆ ಅಳಿಸಿಹೋಗುತ್ತದೆ.
- ಹಳೆ ಮೊಬೈಲ್ ಚಾರ್ಜರ್‌ನಿಂದ ಪೈ ಓಡಿಸಬೇಡಿ.
- ಯುಪಿಎಸ್ ಬಿಚ್ಚಬಾರದು. ಗೋಡೆಯಿಂದ ಕಿತ್ತರೂ ಅದರೊಳಗೆ ಪ್ರಾಣ ತೆಗೆಯುವಷ್ಟು ಕರೆಂಟ್ ಇರುತ್ತದೆ.
- ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಸರ್ವರ್, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಬೇಡ.
- ಅರ್ಥಿಂಗ್ ಪಿನ್ ಮುರಿದು ಎರಡು ಪಿನ್ ಸಾಕೆಟ್‌ಗೆ ಚುಚ್ಚಬಾರದು.
- ಗುಡುಗು, ಮಿಂಚಿನ ಹೊತ್ತಿನಲ್ಲಿ ರಿಪೇರಿಗೆ ಕೂರಬೇಡಿ. ಗುಡುಗು ಶುರುವಾಗುವ ಮೊದಲೇ ಸರ್ವರ್ ಆಫ್ ಮಾಡಿ, ಪ್ಲಗ್ಗನ್ನೂ ಲ್ಯಾನ್ ಕೇಬಲನ್ನೂ ಕಿತ್ತಿಡಿ. ಲ್ಯಾನ್ ಕೇಬಲಿನೊಳಗೂ ತಾಮ್ರವೇ ಇರುವುದು.
- ಧೂಳನ್ನು ಬಾಯಿಂದ ಊದಬೇಡಿ. ಉಗುಳಿನ ತೇವ ಬೋರ್ಡಿಗೆ, ಸಿಲಿಕಾ ಧೂಳು ಶ್ವಾಸಕೋಶಕ್ಕೆ. ಎರಡನೆಯದರ ಬೆಲೆ ಈ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

*ಅನುಮತಿ*

- ‘ಸಿಎಚ್‌ಮಾಡ್ 777’ ಬೇಡ. ಯಾವ ಫೋಲ್ಡರ್‌ಗೂ ಬೇಡ. ಯಾರು ಹೇಳಿದರೂ ಬೇಡ.

ಎಲ್ಲರಿಗೂ ಎಲ್ಲ ಅನುಮತಿ ಕೊಟ್ಟರೆ ಸರ್ವಿಸ್ ಏಳುತ್ತದೆ ಎಂಬುದು ಹಳೆಯ ಮೂಢನಂಬಿಕೆ. ಪೋಸ್ಟ್‌ಗ್ರೆಸ್ ತನ್ನ ಡೇಟಾ ಫೋಲ್ಡರ್ 0700 ಅಥವಾ 0750ಕ್ಕಿಂತ ಸಡಿಲವಾಗಿದ್ದರೆ ಏಳಲು ನಿರಾಕರಿಸುತ್ತದೆ. ಎಸ್‌ಎಸ್‌ಎಚ್ ಕೂಡ ಎಲ್ಲರೂ ಓದಬಹುದಾದ ಖಾಸಗಿ ಕೀಯನ್ನು ಮುಟ್ಟುವುದಿಲ್ಲ. ಒಂದು ಸರ್ವಿಸ್ ಏಳಿಸಲು ಹೋಗಿ ಇನ್ನೆರಡನ್ನು ಮಲಗಿಸುತ್ತೀರಿ. ಯಾವ ಫೈಲ್‌ಗೆ ಯಾವ ಅನುಮತಿ ಇತ್ತು ಎಂಬುದು ಮತ್ತೆ ಗೊತ್ತಾಗುವುದೂ ಇಲ್ಲ.

- ರೂಟ್ ಫೋಲ್ಡರಿನಿಂದ ಶುರುವಾಗುವ ‘ಸಿಎಚ್‌ಒನ್ -ಆರ್’ ಮಾಡಬಾರದು.
- ಸರ್ವಿಸನ್ನು ರೂಟ್ ಹೆಸರಿನಲ್ಲಿ ಓಡಿಸಿ ‘ಸರಿಹೋಯಿತು’ ಎನ್ನಬೇಡಿ.
- ಆಪ್‌ಆರ್ಮರ್, ಫೈರ್‌ವಾಲ್ ಆಫ್ ಮಾಡಿ ಮರೆಯಬೇಡಿ.
- ರೂಟರ್‌ನಲ್ಲಿ ಸರ್ವರನ್ನು ಡಿಎಂಜೆಡ್‌ಗೆ ಹಾಕಬಾರದು. ಹಾಕಿದ ಕ್ಷಣದಿಂದ ಅದರ ಮೇಲಿನ ಪ್ರತಿಯೊಂದು ಬಾಗಿಲನ್ನೂ ಪ್ರಪಂಚ ತಟ್ಟಬಹುದು.

*ಡೇಟಾಬೇಸ್*

- ಮರಿಯಾಡಿಬಿ, ಮೈಎಸ್‌ಕ್ಯುಎಲ್‌ನ ‘ಐಬಿಡೇಟಾ1’, ‘ಐಬಿ_ಲಾಗ್‌ಫೈಲ್’ ಅಳಿಸಬಾರದು. ಅವು ಹೆಸರಿಗೆ ಲಾಗ್ ಆದರೂ ನಿಮ್ಮ ಲೆಕ್ಕದ ಭಾಗ.
- ‘ಇನೊಡಿಬಿ_ಫೋರ್ಸ್_ರಿಕವರಿ’ಯನ್ನು 4ಕ್ಕೆ ಅಥವಾ ಅದಕ್ಕೂ ಮೇಲಕ್ಕೆ ಏರಿಸಬೇಡಿ. 4ರಿಂದ ಮೇಲೆ ಡೇಟಾ ಖಾಯಂ ಆಗಿ ಕೆಡಬಹುದು.
- ಪೋಸ್ಟ್‌ಗ್ರೆಸ್‌ಗೆ ‘ಪಿಜಿ_ರೀಸೆಟ್‌ವಾಲ್’ ಕೊಡಬೇಡಿ. ಕಾಪಿ ಇಲ್ಲದೆ ಕೊಟ್ಟರೆ ವಾಪಸ್ ದಾರಿ ಇಲ್ಲ.
- ‘ಪೋಸ್ಟ್‌ಮಾಸ್ಟರ್ ಡಾಟ್ ಪಿಡ್’ ಫೈಲನ್ನು ಕಂಡೊಡನೆ ಅಳಿಸಬಾರದು. ಇನ್ನೊಂದು ಪೋಸ್ಟ್‌ಗ್ರೆಸ್ ಓಡುತ್ತಿಲ್ಲ ಎಂದು ಖಚಿತವಾಗದೆ ಅಳಿಸಿದರೆ ಒಂದೇ ಡೇಟಾ ಮೇಲೆ ಇಬ್ಬರು ಬರೆಯುತ್ತಾರೆ. ಅಲ್ಲಿಗೆ ಮುಗಿಯಿತು.
- ‘ಡೇಟಾಬೇಸ್ ಫೈಲ್ಸ್ ಆರ್ ಇನ್‌ಕಂಪ್ಯಾಟಿಬಲ್’ ಎಂದರೆ ಡೇಟಾ ಫೋಲ್ಡರ್ ಅಳಿಸಬೇಡಿ. ಅಪ್‌ಡೇಟ್ ನಿಮ್ಮ ಪೋಸ್ಟ್‌ಗ್ರೆಸ್ಸನ್ನು ಮುಂದಿನ ದೊಡ್ಡ ವರ್ಷನ್‌ಗೆ ಹಾರಿಸಿದೆ. ಡಾಕರ್ ಕಂಪೋಸ್ ಫೈಲ್‌ನಲ್ಲಿ ಹಳೆಯ ವರ್ಷನ್ ನಂಬರ್ ಬರೆದರೆ ಅದು ಎಂದಿನಂತೆ ಏಳುತ್ತದೆ.
- ಡೇಟಾಬೇಸ್ ಇಮೇಜ್‌ಗೆ ‘ಲೇಟೆಸ್ಟ್’ ಎಂಬ ಟ್ಯಾಗ್ ಬೇಡ. ಮೇಲಿನ ಸಾಲಿನ ತೊಂದರೆ ಶುರುವಾಗುವುದೇ ಅಲ್ಲಿಂದ.

*ಅಳಿಸುವ ಕಮಾಂಡ್‌ಗಳು*

- ‘ಡಾಕರ್ ಕಂಪೋಸ್ ಡೌನ್’ ಜೊತೆ ‘-ವಿ’ ಬೇಡ. ಒಂದೇ ಅಕ್ಷರ, ವಾಲ್ಯೂಮ್‌ಗಳೆಲ್ಲ ಹೋಗುತ್ತವೆ.
- ಜಾಗ ಮಾಡಲೆಂದು ‘ಡಾಕರ್ ಸಿಸ್ಟಮ್ ಪ್ರೂನ್’ಗೆ ‘--ವಾಲ್ಯೂಮ್ಸ್’ ಸೇರಿಸಬಾರದು.
- ‘ವಾರ್’ ಫೋಲ್ಡರಿನ ‘ಲಿಬ್’ ಒಳಗೆ ಯಾವುದನ್ನೂ ಕೈಯಿಂದ ಅಳಿಸಬೇಡಿ. ಸರ್ವಿಸ್‌ಗಳ ಪ್ರಾಣ ಇರುವುದು ಅಲ್ಲೇ.
- ಬಳಕೆಯಲ್ಲಿರುವ ಡಿಸ್ಕ್ ಮೇಲೆ ‘ಎಫ್‌ಎಸ್‌ಸಿಕೆ’ ಓಡಿಸಬಾರದು. ಮೊದಲು ಅನ್‌ಮೌಂಟ್ ಮಾಡಿ.
- ಬಡಿದುಕೊಳ್ಳುತ್ತಿರುವ ಡಿಸ್ಕ್ ಮೇಲೆ ‘ಎಫ್‌ಎಸ್‌ಸಿಕೆ’ಯನ್ನು ಎಂದಿಗೂ ಓಡಿಸಬಾರದು.
- ಡಿಸ್ಕ್ ಹೆಸರನ್ನು ಎರಡನೇ ಸಲ ನೋಡದೆ ‘ಡಿಡಿ’ ಕಮಾಂಡ್ ಕೊಡಬೇಡಿ. ಎ ಬದಲು ಬಿ ಒತ್ತಿದರೆ ಬ್ಯಾಕಪ್ ಡಿಸ್ಕ್ ಮೇಲೇ ಬರೆದುಬಿಡುತ್ತದೆ.
- ಪೂರ್ತಿ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಬಿಡೋಣ ಎನ್ನುವುದು ಬೇಡ. ಹಾಕಲೇಬೇಕಿದ್ದರೆ ಹಳೆಯ ಕಾರ್ಡನ್ನು ಕವರ್‌ನಲ್ಲಿಟ್ಟು ಹೆಸರು ಬರೆದು, ಹೊಸ ಕಾರ್ಡಿಗೆ ಹಾಕಿ.
- ಅರ್ಥವಾಗದ ಕಮಾಂಡನ್ನು ಮೊಬೈಲ್‌ನಿಂದ ನೋಡಿ ಟೈಪ್ ಮಾಡಬಾರದು. ಸಲಹೆ ಕೊಟ್ಟವರು ಮನುಷ್ಯರಾದರೂ ಯಂತ್ರವಾದರೂ ನಿಯಮ ಒಂದೇ.
- ‘ಕರ್ಲ್’ನಿಂದ ಇಳಿಸಿ ನೇರ ‘ಸುಡೊ ಬ್ಯಾಶ್’ಗೆ ಹರಿಸುವ ಸಾಲು ಬೇಡ.

*ಜನರ ವಿಷಯ*

- ಇಬ್ಬರು ಒಂದೇ ಹೊತ್ತಿಗೆ ರಿಪೇರಿ ಮಾಡಬಾರದು. ಮನೆಯಲ್ಲಿ ನೀವು, ಬೆಂಗಳೂರಿನಿಂದ ದೂರ ಕೂತು ಮಗ: ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ಅಳಿಸುತ್ತೀರಿ. ಒಬ್ಬರು ಹೇಳಲಿ, ಒಬ್ಬರು ಟೈಪ್ ಮಾಡಲಿ.
- ಲಾಗ್‌ನ ಫೋಟೋವನ್ನು ಹಾಗೇ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಪಾಸ್‌ವರ್ಡ್, ಟೋಕನ್, ಹೊರಗಿನ ಐಪಿ ವಿಳಾಸ ಅಳಿಸಿ ಹಾಕಿ.
- ಗುರುತಿಲ್ಲದವರಿಗೆ ರಿಮೋಟ್ ಆಪ್‌ನ ನಂಬರ್ ಕೊಡಬಾರದು.
- ಸಹಾಯ ಮಾಡುತ್ತೇನೆಂದವರು ಒಟಿಪಿ ಕೇಳಿದರೆ ಮಾತು ಮುಂದುವರಿಸಬೇಡಿ, ಫೋನ್ ಇಡಿ. ಹಣ ಹೋಗಿದ್ದರೆ ಅದೇ ಕ್ಷಣ 1930ಕ್ಕೆ ಕರೆ ಮಾಡಿ.
- ಡಿಸ್ಕನ್ನು ಅಂಗಡಿಗೆ ಕೊಡುವಾಗ ‘ಏನಾದರೂ ಮಾಡಿ ಓಡಿಸಿಕೊಡಿ’ ಎನ್ನಬೇಡಿ. ‘ಒಳಗಿನ ಫೈಲ್ ಬೇಕು, ಫಾರ್ಮ್ಯಾಟ್ ಮಾಡಬಾರದು’ ಎಂದು ಚೀಟಿ ಬರೆದು ಡಿಸ್ಕ್ ಮೇಲೆ ಅಂಟಿಸಿ.
- ಸುಸ್ತಾದ ಮೇಲೆ, ನಿದ್ದೆಗಣ್ಣಿನಲ್ಲಿ, ಬೆಳಗಿನ ರೈಲಿಗೆ ಓಡುವ ಮುಂಚಿನ ಹತ್ತು ನಿಮಿಷದಲ್ಲಿ ರಿಪೇರಿ ಬೇಡ. ಸರ್ವಿಸ್ ಸಂಜೆವರೆಗೆ ನಿಂತಿದ್ದರೆ ಏನೂ ಆಗುವುದಿಲ್ಲ.

ಎಲ್ಲಿ ನಿಲ್ಲಿಸಬೇಕು

ಮೇಲಿನ ಕ್ರಮದಲ್ಲಿ ನೋಡಿದರೂ ಕಾರಣ ಸಿಗದಿದ್ದರೆ ಹೆಚ್ಚು ಹುಡುಕಬೇಡಿ. ಸರ್ವಿಸನ್ನು ನಿಲ್ಲಿಸಿಯೇ ಇಡಿ. ‘ಸಿಸ್ಟಮ್‌ಸಿಟಿಎಲ್ ಡಿಸೇಬಲ್’ ಜೊತೆ ಅದರ ಹೆಸರು ಕೊಟ್ಟರೆ ಮುಂದಿನ ಸಲ ಆನ್ ಆದಾಗ ಅದು ತಾನಾಗಿ ಏಳುವುದಿಲ್ಲ. ಆಮೇಲೆ ‘ಪವರ್‌ಆಫ್’ ಕೊಡಿ. ಸರ್ವರ್‌ನ ದೀಪ ಮಿಣುಕುವುದು ಪೂರ್ತಿ ನಿಂತ ಮೇಲೆ ಸ್ವಿಚ್ ಆಫ್ ಮಾಡಿ. ಆಫ್ ಆಗಿರುವ ಡಿಸ್ಕ್ ಹಾಳಾಗುವುದು ಅಪರೂಪ.

ಸಹಾಯ ಕೇಳುವಾಗ ‘ಓಡ್ತಾ ಇಲ್ಲ’ ಎಂದಷ್ಟೇ ಹೇಳಿದರೆ ಯಾರಿಂದಲೂ ಏನೂ ಮಾಡಲಾಗದು. ಸರ್ವಿಸ್‌ನ ಹೆಸರು, ಲಾಗ್‌ನ ಮೊದಲ ತಪ್ಪಿನ ಸಾಲು, ‘ಡಿಎಫ್ -ಎಚ್’ ಕೊಟ್ಟ ಉತ್ತರ, ಕೊನೆಯದಾಗಿ ಬದಲಾದದ್ದು: ಈ ನಾಲ್ಕನ್ನು ಕಳಿಸಿ. ನೀವು ಈಗಾಗಲೇ ಮಾಡಿದ್ದನ್ನು ಮುಚ್ಚಿಡಬೇಡಿ. ಏನು ಅಳಿಸಿದಿರಿ ಎಂಬುದು ಗೊತ್ತಾದರೆ ಕೆಲವು ಸಲ ವಾಪಸ್ ತರಬಹುದು.

ಬೀದಿಯಲ್ಲಿ ತಂತಿ ಹರಿದುಬಿದ್ದಿದ್ದರೆ, ವೋಲ್ಟೇಜ್ ಏರಿಳಿದು ದೀಪಗಳು ಉರಿದು ಮಂಕಾಗುತ್ತಿದ್ದರೆ ಬೆಸ್ಕಾಂನ 1912ಕ್ಕೆ ಹೇಳಿ. ಬೆಂಕಿ ಹೊತ್ತಿದರೆ, ಯಾರಿಗಾದರೂ ಶಾಕ್ ಹೊಡೆದರೆ 112. ಶಾಕ್ ಹೊಡೆದವರನ್ನು ಬರಿಗೈಯಲ್ಲಿ ಮುಟ್ಟಬಾರದು, ಮೊದಲು ಮೇನ್ ಸ್ವಿಚ್ ಆಫ್ ಮಾಡಿ.

ಈ ಹಾಳೆಯನ್ನು ಸರ್ವರ್ ಪಕ್ಕದ ಗೋಡೆಗೆ ಅಂಟಿಸಿ. ಸರ್ವಿಸ್‌ಗಳ ಹೆಸರು, ಡಿಸ್ಕ್ ಸೇರುವ ಫೋಲ್ಡರ್, ಬ್ಯಾಕಪ್ ಇಟ್ಟ ಬೀರು ಯಾವುದು ಎಂಬುದನ್ನು ಕೆಳಗಿನ ಖಾಲಿ ಜಾಗದಲ್ಲಿ ಪೆನ್ನಿನಿಂದ ಬರೆದಿಡಿ. ಪಾಸ್‌ವರ್ಡ್ ಅಲ್ಲಿ ಬರೆಯುವುದು ಬೇಡ.